ಕೋರ್ ಒಂದು ಕೆಲಸ ಬಿಡುವ ಹೊತ್ತು

ಧಾರವಾಡದಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. ಕಿಟಕಿಯ ಪಕ್ಕ ಕುಳಿತು, ಲಿನಕ್ಸ್ ಕರ್ನಲ್‌ನಲ್ಲಿ (ಕಂಪ್ಯೂಟರ್ ನಡೆಸುವ ತಂತ್ರಾಂಶದ ತಿರುಳು) ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕವಾದ ಕೋರ್ ಒಂದನ್ನು ಕೆಲಸದಿಂದ ಬಿಡಿಸುವ ಕೋಡ್‌ಗೆ ಟಿಪ್ಪಣಿ ಬರೆಯುತ್ತಿದ್ದೇನೆ. ಆ ಕೋರ್ ದೀಪದ ಹಾಗೆ ಥಟ್ಟನೆ ಆರುವುದಿಲ್ಲ. ತನ್ನ ಪಾಲಿನ ಕೆಲಸ, ಟೈಮರ್, ಇಂಟರಪ್ಟ್‌ಗಳನ್ನು (ಸಾಧನಗಳು ಗಮನ ಸೆಳೆಯಲು ಕಳಿಸುವ ಕರೆಗಳು) ಬೇರೆ ಕೋರ್‌ಗಳಿಗೆ ಒಪ್ಪಿಸಬೇಕು; ಕೊನೆಗೆ ಉಳಿದ ಕೋರ್‌ಗಳೂ ಒಂದು ಗಳಿಗೆ ತಡೆದು ನಿಲ್ಲುತ್ತವೆ. ಯಾವ ಕೋರ್ ಇದೆ, ಯಾವುದು ಇಲ್ಲ ಎಂಬ ಪಟ್ಟಿಯನ್ನು ಅಷ್ಟರಲ್ಲಿ ಯಾರಾದರೂ ಲಾಕ್ (ಓದುವಾಗ ಪಟ್ಟಿ ಬದಲಾಗದಂತೆ ಹಾಕುವ ತಡೆ) ಹಿಡಿಯದೆ ಓದಿದರೆ ಇಡೀ ಯಂತ್ರವೇ ಸ್ತಬ್ಧವಾಗಬಹುದು. ನನಗೆ ಭಯವಿರುವುದು ಈ ಜಾಗದ ಬಗ್ಗೆಯೇ.

ಅಜ್ಜ ನೆನಪಾದರು. ಹುಬ್ಬಳ್ಳಿಯ ದುರ್ಗದ ಬೈಲಿನ ಅಂಗಡಿಯಿಂದ ನಿವೃತ್ತರಾದ ದಿನ ಉದ್ರಿ ಪುಸ್ತಕದ ಪ್ರತಿ ಸಾಲನ್ನೂ ಕಾಕಾನಿಗೆ ಓದಿ ಹೇಳಿ, ಆಮೇಲೆಯೇ ಕೀಲಿಕೈ ಕೊಟ್ಟಿದ್ದರು.

ಲಾಕ್ ಭಾಗದ ಟಿಪ್ಪಣಿ ಇನ್ನೂ ಬಾಕಿ ಇದೆ. ಇವತ್ತು ರಾತ್ರಿಯೊಳಗೆ ಬರೆದು ಮುಗಿಸುತ್ತೇನೆ.