ಒಲಿಂಪಸ್ ಮಾನ್ಸ್‌ಗೆ 8.8 ಮಿಲಿಮೀಟರ್: ಮಂಗಳದ ಮಾದರಿ, ಮೂರನೆಯ ತಿಂಗಳು

ಚಿಕ್ಕಬಳ್ಳಾಪುರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಮಂಗಳ ಗ್ರಹದಲ್ಲಿ ದೊಡ್ಡ ಜ್ವಾಲಾಮುಖಿಗಳಿರುವ ಥಾರ್ಸಿಸ್ ಎಂಬ ಉಬ್ಬುನೆಲದ ಉಬ್ಬು ಮಾದರಿಯನ್ನು ಕಟ್ಟಲು ಹೊರಟು ಮೂರು ತಿಂಗಳಾಯಿತು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ ಒಂದು ಸೆಂಟಿಮೀಟರಿಗೆ 25 ಕಿಲೋಮೀಟರಿನ ಅಳತೆ ಇಟ್ಟುಕೊಂಡಿದ್ದೇನೆ. ಎತ್ತರಕ್ಕೂ ಅದೇ ಅಳತೆ. ತಕರಾರು ಬಂದಿರುವುದು ಈ ಕೊನೆಯ ಮಾತಿಗೇ. ಉಬ್ಬು ಮಾದರಿ ಮಾಡುವವರು ಎತ್ತರವನ್ನು ಐದೋ ಹತ್ತೋ ಪಟ್ಟು ಹಿಗ್ಗಿಸುವುದು ರೂಢಿ, ಹಾಗೆ ಮಾಡಿದರೆ ಬೆಟ್ಟ ಬೆಟ್ಟದಂತೆ ಕಾಣುತ್ತದೆ ಎಂಬುದೂ ನಿಜ. ಆದರೆ ಆ ಬೆಟ್ಟ ಮಂಗಳದಲ್ಲಿಲ್ಲ.

ಎತ್ತರದ ಅಂಕಿಗಳೆಲ್ಲ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆಯ ಲೇಸರ್ ಉಪಕರಣ 2001ರವರೆಗೆ ಅಳೆದವು. ಸಮುದ್ರವೇ ಇಲ್ಲದ ಗ್ರಹದಲ್ಲಿ ಸಮುದ್ರಮಟ್ಟ ಎಲ್ಲಿಂದ ಬರಬೇಕು? ಅಲ್ಲಿ ಗುರುತ್ವದ ಲೆಕ್ಕದಿಂದ ಕಲ್ಪಿಸಿಕೊಂಡ ಒಂದು ಮಟ್ಟವನ್ನೇ ಸೊನ್ನೆಯೆಂದು ಹಿಡಿದಿದ್ದಾರೆ. ಆ ಸೊನ್ನೆಯಿಂದ ಒಲಿಂಪಸ್ ಮಾನ್ಸ್ ಎಂಬ ಜ್ವಾಲಾಮುಖಿ ಬೆಟ್ಟ ಸುಮಾರು 22 ಕಿಲೋಮೀಟರ್ ಎತ್ತರ. ಅಡಿಯ ಅಗಲ ಸುಮಾರು 600 ಕಿಲೋಮೀಟರ್. ನನ್ನ ಹಲಗೆಯ ಮೇಲೆ ಅದು 24 ಸೆಂಟಿಮೀಟರ್ ಅಗಲದ, 8.8 ಮಿಲಿಮೀಟರ್ ದಪ್ಪದ ಬಿಲ್ಲೆ. ಅಕ್ಕನ ಮಗಳು ನೋಡಿ "ಒಬ್ಬಟ್ಟು" ಎಂದಳು. ತಪ್ಪೇನಲ್ಲ. ಅದರ ಇಳಿಜಾರು ಸರಾಸರಿ ಐದು ಡಿಗ್ರಿಯಷ್ಟೇ, ಏಕೆಂದರೆ ಅದು ತೆಳುವಾಗಿ ದೂರದವರೆಗೆ ಹರಿಯುವ ಲಾವಾ ಪದರ ಪದರವಾಗಿ ಹೆಪ್ಪುಗಟ್ಟಿ ಬೆಳೆದ ಬೆಟ್ಟ. ಭೂಮಿಯಲ್ಲಿ ನೆಲದ ಚಿಪ್ಪಿನ ದೊಡ್ಡ ಫಲಕಗಳು ಸರಿಯುವುದರಿಂದ ಹವಾಯಿಯಂತಹ ಕಡೆ ಒಂದು ಜ್ವಾಲಾಮುಖಿ ಆರಿಹೋಗಿ, ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ಮಂಗಳದಲ್ಲಿ ಹಾಗೆ ಸರಿಯುವ ಫಲಕಗಳಿಲ್ಲದೆ ಲಾವಾ ಒಂದೇ ಜಾಗದಲ್ಲಿ ಯುಗಯುಗಾಂತರ ಸುರಿಯಿತು. ಭೂಮಿಯ ಶೇಕಡ 38ರಷ್ಟೇ ಇರುವ ಗುರುತ್ವವೂ ಅಷ್ಟು ಎತ್ತರವನ್ನು ತಾಳಿಕೊಂಡಿತು.

ಪದರಗಳಿಗೆ ಹಳೆಯ ಲಗ್ನಪತ್ರಿಕೆಗಳನ್ನು ಬಳಸಿದೆ. ಸ್ಕ್ರೂ ಗೇಜಿನಲ್ಲಿ ಅಳೆದು 0.4 ಮಿಲಿಮೀಟರ್ ದಪ್ಪದವನ್ನೇ ಆರಿಸಿಕೊಂಡಿದ್ದರಿಂದ ಒಂದು ಪತ್ರಿಕೆಗೆ ಒಂದು ಕಿಲೋಮೀಟರ್ ಎಂಬ ಲೆಕ್ಕ ಚೊಕ್ಕವಾಗಿ ಕೂಡಿಬಂದಿತ್ತು, ಆದರೆ ಮೈದಾ ಗೋಂದನ್ನು ಲೆಕ್ಕಕ್ಕೆ ಹಿಡಿಯುವುದನ್ನು ಮರೆತೆ. 22 ಪದರ ಒಣಗಿದ ಮೇಲೆ ಅಳೆದರೆ 11.5 ಮಿಲಿಮೀಟರ್, ಎಂದರೆ ಒಲಿಂಪಸ್ ಮಾನ್ಸ್ ಹೆಚ್ಚುಕಡಿಮೆ 29 ಕಿಲೋಮೀಟರಿಗೆ ಬೆಳೆದಿತ್ತು. ಎರಡು ವಾರದ ಕೆಲಸ ಕಿತ್ತುಹಾಕಿ, 0.3 ಮಿಲಿಮೀಟರ್ ಕಾಗದಕ್ಕೆ ತೆಳು ಗೋಂದು ಬಳಿದು, ಪ್ರತಿ ಪದರವನ್ನೂ ರುಬ್ಬುಕಲ್ಲಿನ ಅಡಿಯಲ್ಲಿ ಒಂದು ರಾತ್ರಿ ಇಟ್ಟು ಮತ್ತೆ ಕಟ್ಟಿದೆ. ಈಗ ಅಳತೆ ಸರಿಯಿದೆ. ಬೆಟ್ಟದ ಬುಡದ ಸುತ್ತ ಕೆಲವೆಡೆ ಆರರಿಂದ ಎಂಟು ಕಿಲೋಮೀಟರ್ ಎತ್ತರದ ಕಡಿದಾದ ಅಂಚು ಇದೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಇಡೀ ಬೆಟ್ಟದಲ್ಲಿ ಉಗುರಿಗೆ ತಡೆಯುವುದು ಅದೊಂದೇ.

ಬಣ್ಣಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ. ರಂಗೋಲಿಯ ಕೆಮ್ಮಣ್ಣು ಮಂಗಳಕ್ಕೆ ಅತಿ ಕೆಂಪಾಯಿತೆಂದು ಗೋಪಿಚಂದನ ಬೆರೆಸಿ, ವಾಯಿಲ್ ಸೀರೆಯ ತುಂಡಿನಲ್ಲಿ ಸೋಸಿದೆ. ಈ ಅಳತೆಯಲ್ಲಿ 0.1 ಮಿಲಿಮೀಟರಿನ ಮರಳಿನ ಕಣವೂ 250 ಮೀಟರಿನ ಬಂಡೆಯಾಗುತ್ತದೆ.

ಈಗ ಕೈಯಲ್ಲಿರುವುದು ವ್ಯಾಲೆಸ್ ಮ್ಯಾರಿನೆರಿಸ್ ಕಣಿವೆ. 1971ರಲ್ಲಿ ಮ್ಯಾರಿನರ್ 9 ನೌಕೆ ಮಂಗಳವನ್ನು ತಲುಪಿದಾಗ ಇಡೀ ಗ್ರಹ ಧೂಳಿನ ಬಿರುಗಾಳಿಯಲ್ಲಿ ಮುಳುಗಿತ್ತು. ಮೊದಲು ದೊಡ್ಡ ಜ್ವಾಲಾಮುಖಿಗಳ ನೆತ್ತಿಗಳು ಧೂಳಿನ ಮೇಲೆ ತೋರಿ, ಅದು ಅಡಗಿದ ಮೇಲೆ ಕಣಿವೆ ಕಂಡಿತು. ಹೆಸರು ಆ ನೌಕೆಯದೇ. ನದಿ ಕೊರೆದ ಕಣಿವೆ ಇದಲ್ಲ. ಥಾರ್ಸಿಸ್ ಉಬ್ಬಿದಾಗ ನೆಲದ ಚಿಪ್ಪು ಸೆಳೆತಕ್ಕೆ ಸಿಕ್ಕಿ ಬಿರಿದು, ಆಮೇಲೆ ಭೂಕುಸಿತಗಳಿಂದ ಅಗಲವಾಯಿತು. ಉದ್ದ ಸುಮಾರು 4,000 ಕಿಲೋಮೀಟರ್, ಅಗಲ ಹಲವೆಡೆ 200, ಆಳ ಏಳರವರೆಗೆ. ಹಲಗೆಯ ಮೇಲೆ 160 ಸೆಂಟಿಮೀಟರ್ ಉದ್ದದ, ಎಂಟು ಸೆಂಟಿಮೀಟರ್ ಅಗಲದ, ಮೂರು ಮಿಲಿಮೀಟರೂ ಇಲ್ಲದ ತಗ್ಗು.

ಹತ್ತು ಪಟ್ಟು ಹಿಗ್ಗಿಸಿಬಿಡೋಣವೇ ಎಂಬ ಆಸೆ ನನಗೂ ಹುಟ್ಟಿದ್ದು ಇಲ್ಲಿಯೇ. ಆಗ ಒಂದು ಲೆಕ್ಕ ಹಾಕಿದೆ. 200 ಕಿಲೋಮೀಟರ್ ಅಗಲದ ಕಡೆ ನಟ್ಟನಡುವೆ ನಿಂತರೆ ಗೋಡೆ ನೂರು ಕಿಲೋಮೀಟರ್ ದೂರ. ಗ್ರಹದ ದುಂಡಿನಿಂದಾಗಿ ಬುಡದ ಸುಮಾರು ಒಂದೂವರೆ ಕಿಲೋಮೀಟರ್ ದಿಗಂತದ ಕೆಳಗೆ ಅಡಗುತ್ತದೆ. ಉಳಿದ ಐದೂವರೆ ಕಿಲೋಮೀಟರ್ ಕಣ್ಣಿಗೆ ಮೂರು ಡಿಗ್ರಿಗಿಂತ ತುಸು ಹೆಚ್ಚು. ನಮ್ಮ ತಾರಸಿಯಿಂದ ನಂದಿಬೆಟ್ಟ ಸುಮಾರು ಒಂಬತ್ತು ಕಿಲೋಮೀಟರ್ ದೂರ, ಊರಿಗಿಂತ ಐನೂರು ಮೀಟರಿಗೂ ಹೆಚ್ಚು ಎತ್ತರ. ಕೈ ಚಾಚಿ ಎರಡು ಬೆರಳು ಅಡ್ಡ ಹಿಡಿದು ನೋಡಿದೆ: ಮೂರೂವರೆ ಡಿಗ್ರಿಯ ಆಸುಪಾಸು. ಸೌರಮಂಡಲದ ಅತಿ ದೊಡ್ಡ ಕಣಿವೆಗಳಲ್ಲೊಂದರ ಗೋಡೆಗಿಂತ ನಮ್ಮ ನಂದಿಯೇ ಒಂದು ಕೂದಲೆಳೆ ಎತ್ತರ ಕಾಣುತ್ತದೆ. ನನ್ನ ಮಾದರಿಯಲ್ಲಿ ಮಾತ್ರ ಅದೇ ನಂದಿಗೆ 0.2 ಮಿಲಿಮೀಟರ್, ಅರ್ಧ ಲಗ್ನಪತ್ರಿಕೆ. ಹಿಗ್ಗಿಸುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಬದಲಿಗೆ ಬೆಳಕನ್ನು ಬದಲಿಸಿದೆ. ಟಾರ್ಚನ್ನು ಹಲಗೆಯ ಮಟ್ಟಕ್ಕೇ ಇಟ್ಟು ಅಡ್ಡಲಾಗಿ ಬೆಳಕು ಬಿಟ್ಟರೆ ಮೂರು ಮಿಲಿಮೀಟರಿನ ಅಂಚು ಗೇಣುದ್ದದ ನೆರಳು ಬೀಳಿಸುತ್ತದೆ.

ಉಳಿದ ತೊಂದರೆ ಹಲಗೆಯದು. ಒಲಿಂಪಸ್‌ನ ಪಶ್ಚಿಮದ ಅಂಚಿನಿಂದ ಕಣಿವೆಯ ಪೂರ್ವದ ತುದಿಯವರೆಗೆ 6,100 ಕಿಲೋಮೀಟರಿಗಿಂತ ಹೆಚ್ಚಿದ್ದು, ಕಣಿವೆ ಬಾಯಿ ತೆರೆದು ಕುಸಿದ ನೆಲದೊಳಗೆ ಕರಗುವ ಭಾಗ ಎಂಟು ಅಡಿಯೊಳಗೆ ಕೂರಲಿಲ್ಲ. ಬಡಗಿಗೆ ಒಂದೂವರೆ ಅಡಿಯ ತುಂಡು ಹೇಳಿದ್ದೇನೆ. ಅದು ಬಂದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ.