ಕತ್ತು ತಿರುಗಿದವರ ಒಳಕಿವಿಯನ್ನು ಅಳೆಯುವಾಗ

ಕೆಲವು ವರ್ಷಗಳ ಹಿಂದೆ ನನ್ನ ಪರೀಕ್ಷಾ ಕೊಠಡಿಗೆ ಬಂದ ಮಹಿಳೆಯೊಬ್ಬರ ತಲೆ ಅವರ ಇಚ್ಛೆಯನ್ನು ಮೀರಿ ಎಡಕ್ಕೆ ತಿರುಗುತ್ತಿತ್ತು. ಗಲ್ಲಕ್ಕೆ ಎರಡು ಬೆರಳು ತಾಗಿಸಿಕೊಂಡರೆ ಮಾತ್ರ ಸ್ವಲ್ಪ ಹೊತ್ತು ನೇರವಾಗುತ್ತಿತ್ತು. ಸರ್ವೈಕಲ್ ಡಿಸ್ಟೋನಿಯಾ ಎಂಬ ಈ ಕಾಯಿಲೆ ಕತ್ತಿನ ಸ್ನಾಯುಗಳಲ್ಲಿ ಕಾಣಿಸಿಕೊಂಡರೂ ಅದರ ಮೂಲ ಮೆದುಳಿನಲ್ಲಿದೆ. ನಡೆಯುವಾಗ ಒಂದು ಪಕ್ಕಕ್ಕೆ ವಾಲಿದಂತಾಗುತ್ತದೆ ಎಂದು ಅವರು ಹೇಳಿದ್ದರಿಂದ, ದೇಹದ ಸಮತೋಲನ ಕಾಯುವ ಒಳಕಿವಿಯ ಪರೀಕ್ಷೆಗೆ ನನ್ನಲ್ಲಿಗೆ ಕಳುಹಿಸಿದ್ದರು.

ಒಳಕಿವಿ ಸದ್ದಿಗೆ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಕತ್ತಿನ ಸ್ನಾಯುವಿನಿಂದ ಅಳೆಯುವ ವೆಂಪ್ (VEMP) ಪರೀಕ್ಷೆಯನ್ನು ಮಾಡಿದೆ. ಕಿವಿಗೆ ಜೋರಾದ ಕ್ಲಿಕ್ ಸದ್ದು ಕೊಟ್ಟಾಗ ಒಳಕಿವಿಯ ಸ್ಯಾಕ್ಯೂಲ್ ಎಂಬ ಸಮತೋಲನದ ಅಂಗ ಪ್ರಚೋದನೆಗೊಂಡು, ಅದೇ ಪಕ್ಕದ ಸ್ಟರ್ನೋಕ್ಲೈಡೋಮಾಸ್ಟಾಯ್ಡ್ ಎಂಬ ಕತ್ತಿನ ಸ್ನಾಯುವಿನ ಬಿಗಿತವನ್ನು ಕ್ಷಣಮಾತ್ರ ತಡೆಯುತ್ತದೆ. ಸುಮಾರು 13 ಮತ್ತು 23 ಮಿಲಿಸೆಕೆಂಡುಗಳಲ್ಲಿ ಅದರ ಅಲೆಗಳು ಪರದೆಯ ಮೇಲೆ ಮೂಡುತ್ತವೆ. ಅಂದು ಎಡಗಡೆಯ ಅಲೆ ಬಲಗಡೆಯದರ ಅರ್ಧದಷ್ಟೂ ಇರಲಿಲ್ಲ. ಎಡ ಒಳಕಿವಿ ದುರ್ಬಲವಾಗಿದೆ ಎಂದು ವರದಿ ಬರೆದೆ.

ಆ ವರದಿ ತಪ್ಪಾಗಿತ್ತು. ತಲೆಯನ್ನು ಎಡಕ್ಕೆ ತಿರುಗಿಸುವುದು ಬಲಗಡೆಯ ಸ್ಟರ್ನೋಕ್ಲೈಡೋಮಾಸ್ಟಾಯ್ಡ್. ಸ್ನಾಯು ಬಿಗಿದಷ್ಟೂ ಅಲೆ ದೊಡ್ಡದಾಗುವುದರಿಂದ, ಸದಾ ಸೆಟೆದುಕೊಂಡಿದ್ದ ಅವರ ಬಲಸ್ನಾಯು ದೊಡ್ಡ ಅಲೆಯನ್ನೂ ಸಡಿಲವಾಗಿದ್ದ ಎಡಸ್ನಾಯು ಸಣ್ಣ ಅಲೆಯನ್ನೂ ಕೊಟ್ಟಿದ್ದವು. ಬಲಸ್ನಾಯುವಿಗೆ, ಬಿಗಿತವನ್ನು ಸಡಿಲಿಸುವ ಬೊಟುಲಿನಮ್ ಟಾಕ್ಸಿನ್ ಚುಚ್ಚಿಸಿಕೊಂಡು ಅವರು ಮತ್ತೆ ಬಂದಾಗ ಬಲಗಡೆಯ ಅಲೆಯೇ ಕುಗ್ಗಿತ್ತು. ಪ್ರತಿ ಅಲೆಯ ಗಾತ್ರವನ್ನು ಆ ಹೊತ್ತಿನ ಸ್ನಾಯುಬಿಗಿತದಿಂದ ಭಾಗಿಸಿ ನೋಡಿದಾಗ ಎರಡೂ ಕಿವಿಗಳು ಹೆಚ್ಚುಕಡಿಮೆ ಸಮನಾಗಿದ್ದವು. ಆರೋಗ್ಯವಾಗಿದ್ದ ಕಿವಿಯನ್ನು ರೋಗಿಷ್ಟವೆಂದು ಬರೆದುಕೊಟ್ಟ ನೋವು ನನ್ನಲ್ಲಿ ಇಂದಿಗೂ ಉಳಿದಿದೆ.

ಹಾಗೆಂದು ಈ ರೋಗಿಗಳ ಸಮತೋಲನ ವ್ಯವಸ್ಥೆಯಲ್ಲಿ ಏರುಪೇರೇ ಇಲ್ಲವೆಂದಲ್ಲ. ತಲೆ ಅಲುಗಿದಾಗ ನೋಟವನ್ನು ಸ್ಥಿರವಾಗಿಡುವ ಒಳಕಿವಿ–ಕಣ್ಣಿನ ಪರಾವರ್ತಿತ ಪ್ರತಿಕ್ರಿಯೆಯಲ್ಲಿ ಎಡಬಲಗಳ ವ್ಯತ್ಯಾಸವಿರುವುದನ್ನು ಲಂಡನ್ನಿನ ವೈದ್ಯರಾದ ಬ್ರಾನ್‌ಸ್ಟೈನ್ ಮತ್ತು ರಡ್ಜ್ 1986ರಲ್ಲೇ ವರದಿ ಮಾಡಿದ್ದರು. ಕಣ್ಣಿನ ಚಲನೆಯಿಂದ ಅಳೆಯುವ ಈ ಪ್ರತಿಕ್ರಿಯೆಗೆ ಕತ್ತಿನ ಬಿಗಿತದ ಗೊಂದಲ ಅಷ್ಟಾಗಿ ತಟ್ಟುವುದಿಲ್ಲ. 1989ರ ಅಧ್ಯಯನವೊಂದರಲ್ಲಿ, ಟಾಕ್ಸಿನ್‌ನಿಂದ ತಲೆಯ ಭಂಗಿ ಸುಧಾರಿಸಿದ ಮೇಲೂ ಆ ವ್ಯತ್ಯಾಸ ಉಳಿದೇ ಇತ್ತು; ಆದ್ದರಿಂದ ಬರೀ ಓರೆಯಾದ ಭಂಗಿಯೇ ಅದಕ್ಕೆ ಕಾರಣವೆನ್ನಲು ನನಗೆ ಮನಸ್ಸು ಬರುವುದಿಲ್ಲ. ನೆಲ ವಾಲುತ್ತದೆ ಎನ್ನುವ ರೋಗಿಯ ಮಾತನ್ನು ಭ್ರಮೆಯೆಂದು ತಳ್ಳಿಹಾಕಬಾರದು ಎನ್ನುವುದಕ್ಕೆ ನನಗೆ ಇಷ್ಟು ಸಾಕು.

ಈಗ ಕತ್ತು ತಿರುಗಿದವರು ಬಂದರೆ, ಎಲೆಕ್ಟ್ರೋಡ್ ಅಂಟಿಸುವ ಮೊದಲು ಕೊನೆಯ ಚುಚ್ಚುಮದ್ದು ಯಾವ ದಿನ, ಯಾವ ಸ್ನಾಯುವಿಗೆ ಎಂದು ಕೇಳಿ ವರದಿಯ ಮೊದಲ ಸಾಲಿನಲ್ಲೇ ಬರೆಯುತ್ತೇನೆ.