1,198 ದಿನಗಳ ಲೆಕ್ಕ

ದೇವನಹಳ್ಳಿ
20 ಜುಲೈ 2025, ಭಾನುವಾರ

ಬೆಳಿಗ್ಗೆ ಕಾಫಿ ಆರಿದರೂ ಏಳದೆ ಹಳೆಯ ಕ್ಯಾಲೆಂಡರ್‌ಗಳನ್ನು ಹರಡಿಕೊಂಡು ಎಣಿಸಿದೆ. 2022ರ ಏಪ್ರಿಲ್ 4ರಿಂದ ಮೊನ್ನೆ ಮಂಗಳವಾರದವರೆಗೆ ಸರಿಯಾಗಿ 1,198 ದಿನ. ಪತ್ರಿಕೆಗಳು ತಪ್ಪು ಬರೆದಿಲ್ಲ. ಗುಮಾಸ್ತಿಕೆ ಬಿಟ್ಟು ಒಂಬತ್ತು ವರ್ಷವಾದರೂ ಕೂಡಿ ನೋಡದೆ ಯಾವ ಅಂಕಿಯನ್ನೂ ನಂಬಲಾರೆ.

ಅಷ್ಟು ದಿನ ಚನ್ನರಾಯಪಟ್ಟಣದಲ್ಲಿ ರೈತರು ಧರಣಿ ಕುಳಿತಿದ್ದರು. ಹಾಸನದ ಕಡೆಯದಲ್ಲ, ನಮ್ಮ ತಾಲ್ಲೂಕಿನ ಹೋಬಳಿ. ಹದಿಮೂರು ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆಂದು ಗುರುತಿಸಲಾಗಿತ್ತು. ದ್ರಾಕ್ಷಿ, ಹಿಪ್ಪುನೇರಳೆ, ರಾಗಿ, ಹೂವು ಬೆಳೆಯುವ ನೆಲ. ಕಾಗದದಲ್ಲಿ ಮಾತ್ರ ಅದು ಬರೀ ಸರ್ವೆ ನಂಬರು.

ಬೆಂಗಳೂರಿನವರಿಗೆ ನಮ್ಮೂರು ವಿಮಾನ ನಿಲ್ದಾಣದ ಆಚೆಗಿನ ಒಂದು ತಿರುವು. ಉತ್ತರಕ್ಕೆ ನಂದಿ ಬೆಟ್ಟ, ಊರ ನಡುವೆ 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಕೋಟೆ, ಅದರ ಹತ್ತಿರವೇ ಟಿಪ್ಪು ಹುಟ್ಟಿದ ಜಾಗ. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲ. ಕೆರೆ ನಂಬಿದ ಸೀಮೆ ಇದು, ಕೆರೆ ಬತ್ತಿದ ಮೇಲೆ ಕೊಳವೆಬಾವಿ ನಂಬಿತು. 2008ರ ಮೇ ತಿಂಗಳಲ್ಲಿ ವಿಮಾನಗಳು ಇಳಿಯತೊಡಗಿದವು. ಚಕ್ಕೋತ ಹಣ್ಣಿಗೆ ಹೆಸರಾದ ಊರು ಸೈಟಿನ ದರಕ್ಕೆ ಹೆಸರಾಯಿತು.

2001ರ ಜನಗಣತಿಯಲ್ಲಿ ಪಟ್ಟಣದ ಜನ ಸುಮಾರು 23 ಸಾವಿರ, 2011ರಲ್ಲಿ ಸುಮಾರು 28 ಸಾವಿರ. ಆಮೇಲೆ ಎಣಿಸಿದವರೇ ಇಲ್ಲ. ನನ್ನ ಬೀದಿಯಲ್ಲೇ ಮೂರು ಪಿ.ಜಿ.ಗಳು ಎದ್ದಿವೆ.

ವಿರೋಧ ಪಕ್ಷದ ನಾಯಕರಾಗಿದ್ದಾಗ ಈ ಧರಣಿಗೆ ಬಂದು ಬೆಂಬಲ ಸೂಚಿಸಿದ್ದ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ ಎರಡು ವರ್ಷ ದಾಟಿದರೂ ಭೂಸ್ವಾಧೀನ ನಿಲ್ಲಲಿಲ್ಲ. ಕಳೆದ ತಿಂಗಳು ಮೂರು ಹಳ್ಳಿಗಳ 495 ಎಕರೆ ಬಿಡುತ್ತೇವೆ ಎಂದರು. ಉಳಿದ ಹತ್ತು ಹಳ್ಳಿಗಳನ್ನು ಬಿಟ್ಟುಕೊಟ್ಟು ಏಳುವುದಕ್ಕೆ ಜನ ಒಪ್ಪಲಿಲ್ಲ. ನನ್ನ ಮಟ್ಟಿಗೆ ಹೋರಾಟ ಗೆದ್ದದ್ದು ಆ ದಿನವೇ. ಜೂನ್ 25ರ 'ದೇವನಹಳ್ಳಿ ಚಲೋ' ದಿನ ಪೊಲೀಸರು ಅವರನ್ನು ಎಳೆದು ವ್ಯಾನಿಗೆ ತುಂಬಿದರು; ಹೆಂಗಸರನ್ನೂ ಬಿಡಲಿಲ್ಲ. ಧರಣಿ ಫ್ರೀಡಂ ಪಾರ್ಕಿಗೆ ಹೋಯಿತು. ಜುಲೈ 4ರಂದು ಮುಖ್ಯಮಂತ್ರಿ ಹತ್ತು ದಿನ ಕೇಳಿದರು. 15ರಂದು ಸ್ವಾಧೀನ ಕೈಬಿಟ್ಟರು. ಅದೇ ದಿನ ಆಂಧ್ರದ ಸಚಿವ ನಾರಾ ಲೋಕೇಶ್ ತಮ್ಮಲ್ಲಿ 8,000 ಎಕರೆ ಸಿದ್ಧವಿದೆ ಎಂದು ಕಂಪನಿಗಳನ್ನು ಕರೆದರು. ಆ ನೆಲ ಯಾರದೋ ಎಂದು ನಾನು ಯೋಚಿಸುತ್ತಾ ಕುಳಿತೆ.

ಮಧ್ಯಾಹ್ನ ನಲ್ಲೂರಿಗೆ ಹೋಗಿದ್ದೆ. ಅದೂ ಹದಿಮೂರರಲ್ಲಿ ಒಂದು. ಅಲ್ಲಿನ ಹುಣಸೆ ತೋಪು 54 ಎಕರೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ಪೊಟರೆ ಬಿದ್ದ ಬೊಡ್ಡೆಗಳ ಮೇಲೂ ಹಸಿರು ಚಿಗುರಿದೆ. ನೆರಳಿನಲ್ಲಿ ಕುಳಿತಿದ್ದ ಅಜ್ಜಿಯೊಬ್ಬರನ್ನು, 'ಗೆದ್ದಿರಲ್ಲ ತಾಯಿ' ಎಂದು ಮಾತಾಡಿಸಿದೆ. 'ಪಹಣಿ ಕೈಗೆ ಬರಲಿ, ಆಮೇಲೆ ಹೇಳುತ್ತೇನೆ' ಎಂದರು. ನನಗಿಂತ ಒಳ್ಳೆಯ ಗುಮಾಸ್ತೆ.

ಸಂಜೆ ಭಾವಮೈದುನನ ಫೋನ್. ಸ್ವಇಚ್ಛೆಯಿಂದ ಭೂಮಿ ಕೊಡುವವರಿಗೆ ಹೆಚ್ಚಿನ ಪರಿಹಾರ ಎಂದೂ ಸರ್ಕಾರ ಹೇಳಿದೆಯಲ್ಲ, ಎಕರೆಗೆ ಎಷ್ಟಾಗಬಹುದು ಎಂದು ಕೇಳಿದ. ಧರಣಿಯ ಡೇರೆಗೆ ಎರಡು ಮೂಟೆ ರಾಗಿ ಹೊತ್ತು ಹಾಕಿದವನೂ ಅವನೇ. ಗೊತ್ತಿಲ್ಲ ಎಂದೆ. ಮಳೆ ಬಂತೇ ಎಂದು ಕೇಳಿದೆ. ಬಂದಿಲ್ಲವಂತೆ, ಬಿತ್ತನೆ ಇನ್ನೂ ಆಗಿಲ್ಲ.